ಹಳೆಯ ಬೀಟಲ್‌ನ ಹ್ಯಾಂಡ್‌ಬ್ರೇಕ್ ರಿಪೇರಿ: ಶೂ ಹೊಂದಾಣಿಕೆಯಿಂದ ಹೊಸ ಕೇಬಲ್‌ವರೆಗೆ

ಲಿವರ್ ಎಂಟು ಹತ್ತು ಹಲ್ಲು ಕಟಕಟ ಎಂದು ಮೇಲೆ ಬರುತ್ತದೆ, ಗಾಡಿ ಮಾತ್ರ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ತೊಂದರೆ. ಗ್ಯಾರೇಜಿನಲ್ಲಿ ಲಿವರ್‌ನ ರಬ್ಬರ್ ಬೂಟ್ ಎತ್ತಿ, ಎರಡು ನಟ್ ಬಿಗಿದು, ಹತ್ತು ನಿಮಿಷದಲ್ಲಿ ಕೈ ತೊಳೆದುಕೊಳ್ಳುವುದೂ ಗೊತ್ತಿರುವುದೇ. ತಿಂಗಳೊಪ್ಪತ್ತಿನಲ್ಲಿ ಅದೇ ತೊಂದರೆ ಮರಳಿ ಬರುತ್ತದೆ. ಈ ಸಲ ಹಿಂದಿನ ಗಾಲಿ ಬಿಸಿಯಾಗುವ ಕಾಟವೂ ಜೊತೆಗಿರುತ್ತದೆ.

ಕಾರಣ ಸರಳ. ಬೀಟಲ್‌ನಲ್ಲಿ ಹ್ಯಾಂಡ್‌ಬ್ರೇಕ್‌ಗೆಂದು ಬೇರೆ ಶೂ (ಗಾಲಿಯ ಡ್ರಮ್ಮಿನ ಒಳಮೈಗೆ ಒತ್ತಿ ಅದನ್ನು ನಿಲ್ಲಿಸುವ ಬಾಗಿದ ಪಟ್ಟಿ) ಇಲ್ಲ. ಕಾಲು ಬ್ರೇಕಿಗೆ ಕೆಲಸ ಮಾಡುವ ಹಿಂದಿನ ಶೂಗಳನ್ನೇ ಕೇಬಲ್ ಎಳೆಯುತ್ತದೆ. ಶೂ ಸವೆದು ಡ್ರಮ್ಮಿನಿಂದ ದೂರ ಸರಿದಾಗ ಲಿವರ್ ಹೆಚ್ಚು ಮೇಲೆ ಬರುತ್ತದೆ. ಆ ಅಂತರವನ್ನು ಡ್ರಮ್ಮಿನ ಒಳಗೆ ಸರಿಪಡಿಸುವ ಬದಲು ಕೇಬಲ್ ಎಳೆದು ಮುಚ್ಚಿದರೆ, ಲಿವರ್ ಕೆಳಗಿದ್ದಾಗಲೂ ಕೇಬಲ್ ಬಿಗಿಯಾಗಿಯೇ ಇರುತ್ತದೆ. ಶೂ ತನ್ನ ಜಾಗಕ್ಕೆ ಮರಳಿ ಕೂರುವುದಿಲ್ಲ, ಡ್ರಮ್ಮಿಗೆ ಉಜ್ಜುತ್ತಲೇ ಓಡುತ್ತದೆ. ಹಾಗಾಗಿ ಲಿವರ್ ಬಳಿಯ ನಟ್‌ಗೆ ಕೈ ಹಾಕುವುದು ಕೊನೆಗೆ.

ಹ್ಯಾಂಡ್‌ಬ್ರೇಕ್ ಬರೀ ನಿಲುಗಡೆಗಲ್ಲ ಎಂಬುದೂ ನೆನಪಿರಲಿ. 1967ಕ್ಕಿಂತ ಹಿಂದಿನ ಬೀಟಲ್‌ಗಳಲ್ಲಿ ಕಾಲು ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಗಾಲಿಗೆ ಬ್ರೇಕ್ ಆಯಿಲ್ ಹೋಗುವ ಒಂದೇ ದಾರಿ. ಕೆಲವು ದೇಶಗಳಿಗೆ ಹೋದ ಕಾರುಗಳಲ್ಲಿ ಅದರ ನಂತರವೂ ಹಾಗೇ ಇತ್ತು. ಒಂದು ಬ್ರೇಕ್ ಹೋಸ್ ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ. ಆಗ ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಉಳಿಯುವುದು ಗೇರು ಮತ್ತು ಹ್ಯಾಂಡ್‌ಬ್ರೇಕಿನ ಎರಡು ಕೇಬಲ್ ಮಾತ್ರ.

ಒಳಗೆ ಏನಿದೆ

ಎರಡು ಮುಂದಿನ ಸೀಟುಗಳ ನಡುವೆ, ಟನಲ್ (ಕಾರಿನ ನೆಲದ ನಡುವೆ ಉದ್ದಕ್ಕೂ ಇರುವ ಟೊಳ್ಳು ದಿಂಡು) ಮೇಲೆ ಲಿವರ್ ಇದೆ. ಅದರ ಬುಡದಲ್ಲಿ ತಕ್ಕಡಿಯ ದಂಡದಂತೆ ಆಡುವ ಒಂದು ಪಟ್ಟಿ. ಎರಡು ಕೇಬಲ್‌ಗಳ ಮರೆ (ನಟ್ ಕೂರುವ ಸ್ಕ್ರೂ ಸುತ್ತು) ಇರುವ ತುದಿಗಳು ಆ ಪಟ್ಟಿಯ ಮೂಲಕ ಮೇಲೆ ಬಂದು, ತಲಾ ಎರಡು ನಟ್‌ಗಳಲ್ಲಿ ನಿಲ್ಲುತ್ತವೆ: ಒಂದು ಹೊಂದಾಣಿಕೆಗೆ, ಇನ್ನೊಂದು ಲಾಕಿಗೆ. ಎಡ ಬಲ ಗಾಲಿಗಳಿಗೆ ಎಳೆತ ಸಮವಾಗಿ ಹಂಚುವುದು ಈ ಪಟ್ಟಿಯ ಕೆಲಸ.

ಅಲ್ಲಿಂದ ಕೇಬಲ್‌ಗಳು ಟನಲ್ ಒಳಗಿನ ಎರಡು ಕಬ್ಬಿಣದ ನಳಿಗೆಗಳಲ್ಲಿ ಹಿಂದಕ್ಕೆ ಸಾಗಿ, ಗೇರ್‌ಬಾಕ್ಸ್ ಹಿಡಿದಿರುವ ಕವಲಿನ ಬಳಿ ಹೊರಗೆ ಬರುತ್ತವೆ. ಮುಂದೆ ಬಾಗುವ ಹೊರಕವಚದೊಳಗೆ ಹೋಗಿ ಗಾಲಿಯ ಬ್ಯಾಕ್ ಪ್ಲೇಟ್ (ಡ್ರಮ್ಮಿನ ಹಿಂಬದಿ ಮುಚ್ಚುವ, ಶೂಗಳನ್ನು ಹಿಡಿದಿರುವ ತಟ್ಟೆ) ಸೇರುತ್ತವೆ. ಒಳಗೆ ಕೇಬಲ್ ತುದಿಯ ಬಳೆ, ಹಿಂಬದಿ ಶೂಗೆ ಜೋಡಿಸಿದ ಸಣ್ಣ ಲಿವರ್‌ನ ಕೊಕ್ಕೆಗೆ ಸಿಕ್ಕಿಕೊಂಡಿದೆ. ಕೇಬಲ್ ಎಳೆದಾಗ ಈ ಸಣ್ಣ ಲಿವರ್ ತಿರುಗಿ, ವೀಲ್ ಸಿಲಿಂಡರ್ (ಕಾಲು ಬ್ರೇಕ್ ಒತ್ತಿದಾಗ ಶೂಗಳನ್ನು ತಳ್ಳುವ ಭಾಗ) ಕೆಳಗಿರುವ ತಳ್ಳುಪಟ್ಟಿಯ ಮೂಲಕ ಮುಂಬದಿ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ಆ ಒತ್ತಡದ ಮರುಬಲದಿಂದ ಹಿಂಬದಿ ಶೂ ಕೂಡ ಅಗಲುತ್ತದೆ.

ಬಿಚ್ಚುವ ಮುಂಚೆ ಪತ್ತೆ

ಸಮತಟ್ಟಾದ ಜಾಗದಲ್ಲಿ ಲಿವರ್ ಎಳೆದು ಹಲ್ಲು ಎಣಿಸಿ. ನಾಲ್ಕಕ್ಕೆ ಗಾಲಿಗಳು ಲಾಕ್ ಆಗಬೇಕು. ಆರೇಳಕ್ಕೆ ಹಿಡಿಯುತ್ತಿದ್ದರೆ ಶೂ ಹೊಂದಾಣಿಕೆ ಸಾಕಾಗಬಹುದು. ಎಳೆಯುವಾಗ ಕೈಗೆ ಏನೂ ತೂಕವೇ ಸಿಗದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಕೊಕ್ಕೆಯಿಂದ ಕಳಚಿದೆ. ಒಂದು ಕೇಬಲ್ ಮಾತ್ರ ಹೋಗಿದ್ದರೆ ತಕ್ಕಡಿ ಪಟ್ಟಿ ಒಂದು ಕಡೆಗೆ ವಾಲಿರುತ್ತದೆ. ಬೂಟ್ ಎತ್ತಿ ನೋಡಿದರೆ ಸಾಕು, ಕಾರಿನಡಿಗೆ ಹೋಗುವುದೂ ಬೇಡ.

ಲಿವರ್ ಗಟ್ಟಿಯಾಗಿ ಎಳೆಯುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ ಎಂದಾದರೆ ಎರಡು ಸಾಧ್ಯತೆ. ಕೇಬಲ್ ಹೊರಕವಚದೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು. ಇಲ್ಲವೇ ಶೂ ಮೇಲೆ ಎಣ್ಣೆ ಬಿದ್ದಿರಬಹುದು. ಗಾಲಿಯ ಒಳಮೈಯಲ್ಲಿ, ಬ್ಯಾಕ್ ಪ್ಲೇಟಿನ ಕೆಳ ಅಂಚಿನಲ್ಲಿ ಒದ್ದೆ ಕಲೆ ಹುಡುಕಿ. ದಪ್ಪಗೆ, ಕಪ್ಪಗೆ, ಗಂಧಕದಂಥ ಘಾಟು ವಾಸನೆ ಇದ್ದರೆ ಗೇರ್ ಆಯಿಲ್, ಅಂದರೆ ಆಕ್ಸೆಲ್ ಸೀಲ್ ಹೋಗಿದೆ. ನೀರಿನಂತೆ ತೆಳ್ಳಗಿದ್ದು ಪೇಂಟ್ ಎಬ್ಬಿಸಿದ್ದರೆ ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಸೋರುತ್ತಿದೆ.

ಲಿವರ್ ಮೇಲೆ ನಿಲ್ಲದೆ ಜಾರಿ ಬೀಳುತ್ತಿದ್ದರೆ ಹಿಂದಿನ ಗಾಲಿಗೆ ಅದರ ಸಂಬಂಧವಿಲ್ಲ. ಲಿವರ್ ಒಳಗಿನ ಹಲ್ಲುಪಟ್ಟಿ ಅಥವಾ ಅದನ್ನು ಕಚ್ಚುವ ನಾಲಿಗೆ ಸವೆದಿದೆ. ಲಿವರ್ ಕೆಳಗಿಳಿಸಿದರೂ ಗಾಲಿ ಬಿಡುವುದಿಲ್ಲ ಎಂಬುದು ಮಳೆಗಾಲ ಕಳೆದ ಮೇಲೆ ಹೆಚ್ಚು ಕೇಳುವ ಮಾತು. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಯಲ್ಲಿ ನಿಂತ ಕಾರುಗಳಿಗಂತೂ ಹೊರಕವಚದ ತುಕ್ಕು ತಪ್ಪಿದ್ದಲ್ಲ.

ಬೇಕಾಗುವ ಸಾಮಾನು

ಬರೀ ಹೊಂದಾಣಿಕೆಗೆ ಜಾಕಿ, ಎರಡು ಗಟ್ಟಿ ಸ್ಟ್ಯಾಂಡ್, 10ರ ಸ್ಪ್ಯಾನರ್ ಎರಡು, ಒಂದು ಸಣ್ಣ ಮತ್ತು ಒಂದು ಉದ್ದದ ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚ್ ಸಾಕು. ಡ್ರಮ್ ತೆಗೆಯುವುದಾದರೆ 36 ಎಂಎಂ ಸಾಕೆಟ್, ಮುಕ್ಕಾಲು ಇಂಚಿನ ದಪ್ಪ ಹ್ಯಾಂಡಲ್, ಅದಕ್ಕೆ ತೊಡಿಸಲು ಒಂದು ಮೀಟರ್ ಕಬ್ಬಿಣದ ಪೈಪ್ ಬೇಕು. ಇವು ಇಲ್ಲದೆ ಆಕ್ಸೆಲ್ ನಟ್ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿಯುವವರಿದ್ದಾರೆ. ಹಾಗೆ ಜಜ್ಜಿದ ನಟ್ ಕಂಡರೆ ಮುಲಾಜಿಲ್ಲದೆ ಎಸೆದು ಹೊಸದು ಹಾಕಿ.

ಕೇಬಲ್ ಕೊಳ್ಳುವಾಗ ಎಚ್ಚರ ಬೇಕು. ಬೀಟಲ್ ತಯಾರಿಕೆ ಮೆಕ್ಸಿಕೋದ ಪ್ವೆಬ್ಲಾದಲ್ಲಿ 2003ರವರೆಗೂ ನಡೆಯಿತು, ಒಟ್ಟು 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು. ಹೀಗಾಗಿ ಹೊಸ ಕೇಬಲ್ ಇಂದಿಗೂ ಸುಲಭವಾಗಿ ಸಿಗುತ್ತದೆ. ಆದರೆ ಉದ್ದ ಹಲವು ಸಲ ಬದಲಾಗಿದೆ. ವರ್ಷ ಹೇಳಿ ತರಿಸಿದರೆ ತಪ್ಪು ಬರುವ ಸಂಭವವೇ ಹೆಚ್ಚು, ಏಕೆಂದರೆ ಒಂದೇ ವರ್ಷದಲ್ಲಿ ಎರಡು ಬಗೆಯ ಹಿಂದಿನ ಆಕ್ಸೆಲ್ ಇದ್ದ ಕಾರುಗಳು ಬೇರೆ ಬೇರೆ ದೇಶಕ್ಕೆ ಹೋಗಿವೆ. ಕಾರಿನಡಿ ಬಗ್ಗಿ ನೋಡಿ. ಗೇರ್‌ಬಾಕ್ಸಿನಿಂದ ಗಾಲಿವರೆಗೆ ದಪ್ಪ ಕೊಳವೆ ಇದ್ದು, ಗೇರ್‌ಬಾಕ್ಸ್ ತುದಿಯಲ್ಲಿ ಮಾತ್ರ ರಬ್ಬರ್ ಬೂಟ್ ಇದ್ದರೆ ಸ್ವಿಂಗ್ ಆಕ್ಸೆಲ್. ತೆಳ್ಳನೆ ಶಾಫ್ಟ್ ಇದ್ದು ಎರಡೂ ತುದಿಗೆ ಬೂಟ್ ಇದ್ದರೆ ಐಆರ್‌ಎಸ್ (ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್). ಎರಡರ ಕೇಬಲ್ ಒಂದಕ್ಕೊಂದು ಹೊಂದುವುದಿಲ್ಲ. ಹಳೆಯದನ್ನು ಬಿಚ್ಚಿ, ನೇರವಾಗಿ ಚಾಚಿ, ಮರೆಯ ತುದಿಯಿಂದ ಬಳೆಯವರೆಗಿನ ಒಟ್ಟು ಉದ್ದ ಮತ್ತು ಹೊರಕವಚದ ಉದ್ದ ಎರಡನ್ನೂ ಅಳೆದು ತರಿಸುವುದೇ ಸರಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಮಾದರಿ ಕೊಟ್ಟರೆ ಕೇಬಲ್ ಕಟ್ಟಿಕೊಡುತ್ತಾರೆ. ಕಟ್ಟಿಸುವುದಾದರೆ ಎರಡು ಷರತ್ತು ಹಾಕಿ: ತಂತಿ ಹಳೆಯದರಷ್ಟೇ ದಪ್ಪವಿರಬೇಕು, ತುದಿಗಳನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸಿರಬೇಕು. ಗ್ಯಾಸ್ ವೆಲ್ಡಿಂಗ್ ಮಾಡಿ ಅಂಟಿಸಿದ ತುದಿಯ ಪಕ್ಕದಲ್ಲಿ ತಂತಿ ಕಾದು ಗುಣ ಕಳೆದುಕೊಂಡು, ಅಲ್ಲೇ ತುಂಡಾಗುತ್ತದೆ. ಬೈಕಿನ ಕ್ಲಚ್ ತಂತಿ ಹಾಕಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಕೇಬಲ್ ಯಾವಾಗಲೂ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಹಳೆಯದರ ಜಗ್ಗಿಗೆ ಹೊಂದಾಣಿಕೆ ಕೂರುವುದೇ ಇಲ್ಲ.

ಕಾರು ಎತ್ತುವ ಮುಂಚೆ

ಈ ಕೆಲಸದ ಉದ್ದಕ್ಕೂ ಹ್ಯಾಂಡ್‌ಬ್ರೇಕ್ ಇರುವುದಿಲ್ಲ, ಗಾಲಿ ತಿರುಗಿಸಬೇಕಾದ್ದರಿಂದ ಗೇರು ನ್ಯೂಟ್ರಲ್‌ನಲ್ಲಿರುತ್ತದೆ. ಅಂದರೆ ಕಾರನ್ನು ಹಿಡಿದಿರುವುದು ಮುಂದಿನ ಗಾಲಿಗಳಿಗೆ ನೀವು ಕೊಟ್ಟ ಕಲ್ಲುಗಳು ಮಾತ್ರ. ಎರಡೂ ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಎರಡು ಕಡೆಯೂ ಮರದ ದಿಮ್ಮಿ ಕೊಡಿ. ಕಾಂಕ್ರೀಟ್ ನೆಲದಲ್ಲೇ ಮಾಡಿ. ಬೀಟಲ್ ಜೊತೆ ಬಂದ ಪಕ್ಕದ ಜಾಕಿ ಸ್ಟೆಪ್ನಿ ಬದಲಿಸಲಷ್ಟೇ. ಅದರ ಮೇಲೆ ನಿಂತ ಕಾರಿನಡಿ ಕೈ ಕೂಡ ಹಾಕಬೇಡಿ.

ಡ್ರಮ್ ತೆಗೆಯುವುದಾದರೆ ಆಕ್ಸೆಲ್ ನಟ್ ಸಡಿಲಿಸುವುದು ಗಾಲಿ ನೆಲದ ಮೇಲಿರುವಾಗಲೇ. ಹಬ್ ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ಒಬ್ಬರು ಕಾಲು ಬ್ರೇಕ್ ಒತ್ತಿ ಹಿಡಿಯಲಿ, ಗೇರು ಒಂದರಲ್ಲಿರಲಿ. ಎರಡೂ ಕಡೆಯ ನಟ್ ಸಾಮಾನ್ಯ ಮರೆಯದೇ, ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚುತ್ತದೆ. ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಶೂ ಹೊಂದಾಣಿಕೆ

ಲಿವರ್ ಪೂರ್ತಿ ಕೆಳಗಿಳಿಸಿ, ಬೂಟ್ ಎತ್ತಿ ಕೇಬಲ್ ನಟ್‌ಗಳನ್ನು ಕೆಲವು ಸುತ್ತು ಸಡಿಲಿಸಿ. ಕೇಬಲ್ ಎಳೆತವಿಲ್ಲದೆ ಶೂ ತನ್ನ ನಿಜವಾದ ಜಾಗಕ್ಕೆ ಮರಳಬೇಕು. ಈ ಹೆಜ್ಜೆ ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ. ಆಮೇಲೆ ಕಾಲು ಬ್ರೇಕನ್ನು ನಾಲ್ಕೈದು ಸಲ ಒತ್ತಿ ಬಿಡಿ, ಶೂಗಳು ನಡುವಿಗೆ ಬರುತ್ತವೆ.

ಪ್ರತಿ ಹಿಂದಿನ ಗಾಲಿಯ ಕೆಳಭಾಗದಲ್ಲಿ ಎರಡು ಹಲ್ಲಿನ ಚಕ್ರಗಳಿವೆ, ಪ್ರತಿ ಶೂಗೆ ಒಂದು. ನಂತರದ ಕಾರುಗಳಲ್ಲಿ ಬ್ಯಾಕ್ ಪ್ಲೇಟಿನ ರಬ್ಬರ್ ಮುಚ್ಚಳ ತೆಗೆದರೆ ಕಾಣುತ್ತವೆ. ಹಳೆಯವುಗಳಲ್ಲಿ ಡ್ರಮ್ಮಿನ ಹೊರಮುಖದ ತೂತನ್ನು ಚಕ್ರದ ನೇರಕ್ಕೆ ತಿರುಗಿಸಿ ಸ್ಕ್ರೂಡ್ರೈವರ್ ತೂರಿಸಬೇಕು. ಹಲ್ಲಿಗೆ ಮೀಟುತ್ತಾ ಗಾಲಿಯನ್ನು ಕೈಯಲ್ಲಿ ತಿರುಗಿಸುತ್ತಿರಿ. ಎರಡು ಚಕ್ರಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಬಿಗಿಯಾಗುತ್ತವೆ; ಯಾವ ಕಡೆ ಮೀಟಿದರೆ ಗಾಲಿ ಭಾರವಾಗುತ್ತದೋ ಅದೇ ಬಿಗಿಯುವ ದಿಕ್ಕು. ಉಜ್ಜುವ ಸದ್ದು ಬಂದ ಮೇಲೆ ಮೂರು ನಾಲ್ಕು ಹಲ್ಲು ಹಿಂದಕ್ಕೆ ಬಿಡಿ, ಗಾಲಿ ಹಗುರವಾಗಿ ತಿರುಗಬೇಕು. ಇನ್ನೊಂದು ಶೂಗೂ ಹೀಗೇ. ನಡುವೆ ಒಮ್ಮೆ ಪೆಡಲ್ ಒತ್ತಿ ಮತ್ತೆ ನೋಡಿ, ಶೂ ಸ್ವಲ್ಪ ಸರಿದು ಹೊಸ ಸಡಿಲು ಕಾಣಿಸುವುದುಂಟು. ಗಾಲಿಯ ಒಂದು ಸುತ್ತಿನಲ್ಲಿ ಒಂದೇ ಜಾಗದಲ್ಲಿ ಉಜ್ಜಿ ಉಳಿದೆಡೆ ಸಲೀಸಾಗಿ ತಿರುಗಿದರೆ ಡ್ರಮ್ ಅಂಡಾಕಾರವಾಗಿದೆ, ಲೇತ್‌ಗೆ ಹೋಗಬೇಕು.

ಹಲ್ಲಿನ ಚಕ್ರ ತಿರುಗದೇ ಇದ್ದರೆ ಬಲ ಹಾಕಿ ಹಲ್ಲು ಮುರಿಯಬೇಡಿ. ಪೆನೆಟ್ರೇಟಿಂಗ್ ಆಯಿಲ್ ಒಂದೆರಡು ಹನಿ ಮಾತ್ರ ಬಿಟ್ಟು ಕಾಯಿರಿ. ಹೆಚ್ಚು ಬಿಟ್ಟರೆ ಅದು ಶೂ ಸೇರುತ್ತದೆ.

ಆಮೇಲೆ ಕೇಬಲ್

ಲಿವರ್‌ ಅನ್ನು ಎರಡು ಹಲ್ಲು ಎಳೆದು ನಿಲ್ಲಿಸಿ. ಈಗ ಹೊಂದಾಣಿಕೆ ನಟ್ ಬಿಗಿಯುತ್ತಾ ಹೋಗಿ. ಕೇಬಲ್ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇದೆ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನಟ್ ತಿರುಗಿಸಿ. ಹಿಡಿಯದಿದ್ದರೆ ನಟ್ ಜೊತೆ ಕೇಬಲ್ಲೂ ತಿರುಚಿಕೊಂಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಮರೆಯ ತುದಿಯ ಬುಡದಲ್ಲೇ ತುಂಡಾದ ಕೇಬಲ್‌ಗಳಲ್ಲಿ ಈ ತಿರುಚಿದ ಗುರುತು ಕಾಣುವುದು ಸಾಮಾನ್ಯ.

ಎರಡನೇ ಹಲ್ಲಿನಲ್ಲಿ ಎರಡೂ ಗಾಲಿ ಕೈಯಲ್ಲಿ ಕಷ್ಟಪಟ್ಟು ತಿರುಗಬೇಕು, ಎರಡರ ಬಿಗುವೂ ಒಂದೇ ಇರಬೇಕು. ನಾಲ್ಕನೇ ಹಲ್ಲಿಗೆ ಕೈಯಲ್ಲಿ ತಿರುಗಿಸಲು ಆಗಲೇಬಾರದು. ಲಿವರ್ ಕೆಳಗಿಳಿಸಿದಾಗ ಎರಡೂ ಹಗುರವಾಗಿ ತಿರುಗಬೇಕು. ತಕ್ಕಡಿ ಪಟ್ಟಿ ಅಡ್ಡಡ್ಡ ಸಮವಾಗಿ ನಿಂತಿದೆಯೇ ನೋಡಿ. ಒಂದು ಕಡೆ ಮರೆ ಬಹಳ ಮೇಲೆ ಬಂದು ಇನ್ನೊಂದು ಕಡೆ ಬಂದಿಲ್ಲದಿದ್ದರೆ ಮರೆ ಮೇಲೆ ಬಂದ ಕಡೆಯ ಕೇಬಲ್ ಜಗ್ಗಿದೆ ಅಥವಾ ಆ ಗಾಲಿಯ ಶೂ ಹೊಂದಾಣಿಕೆ ಸರಿಯಾಗಿಲ್ಲ. ಎಲ್ಲವೂ ಸರಿ ಎನಿಸಿದ ಮೇಲೆ, ಒಂದು ಸ್ಪ್ಯಾನರ್‌ನಲ್ಲಿ ಕೆಳಗಿನ ನಟ್ ಹಿಡಿದು ಇನ್ನೊಂದರಲ್ಲಿ ಲಾಕ್ ನಟ್ ಬಿಗಿಯಿರಿ.

ನಟ್ ಮರೆಯ ಕೊನೆವರೆಗೆ ಬಂದರೂ ಹಿಡಿತ ಸಿಗದಿದ್ದರೆ ಕೇಬಲ್ ಆಯುಸ್ಸು ಮುಗಿಯಿತು. ನಟ್ ಕೆಳಗೆ ವಾಷರ್ ತುಂಬಿ ಹೊಂದಿಸುವ ಉಪಾಯ ಹಲವೆಡೆ ಕಾಣುತ್ತದೆ. ಜಗ್ಗಿದ ಕೇಬಲ್ ಅಂದರೆ ಒಳಗೆ ಎಳೆಗಳು ಒಂದೊಂದಾಗಿ ಹೋಗುತ್ತಿವೆ ಎಂದು. ಅದಕ್ಕೆ ವಾಷರ್ ಮದ್ದಲ್ಲ.

ಕೇಬಲ್ ಬದಲಿಸುವುದು

1. ಲಿವರ್ ಬಳಿ ಎರಡೂ ಕಡೆಯ ಲಾಕ್ ನಟ್, ಹೊಂದಾಣಿಕೆ ನಟ್ ಪೂರ್ತಿ ತೆಗೆಯಿರಿ. ಬಿಚ್ಚುವ ಮುಂಚೆ ಮರೆ ಎಷ್ಟು ಮೇಲೆ ನಿಂತಿತ್ತು ಎಂದು ಫೋಟೋ ತೆಗೆದಿಟ್ಟುಕೊಳ್ಳಿ.

2. ಗಾಲಿ ತೆಗೆದು, ಹಲ್ಲಿನ ಚಕ್ರಗಳನ್ನು ಸಡಿಲಿಸಿ, ಆಕ್ಸೆಲ್ ನಟ್ ತೆಗೆದು ಡ್ರಮ್ ಎಳೆಯಿರಿ. ಶೂ ಹಿಂದೆ ಸರಿಸದೆ ಎಳೆದರೆ ಡ್ರಮ್ಮಿನ ಒಳ ಅಂಚಿನ ದಿಂಡಿಗೆ ಸಿಕ್ಕಿ ಬರುವುದಿಲ್ಲ. ಸ್ಪ್ಲೈನ್‌ಗೆ (ಡ್ರಮ್ ಆಕ್ಸೆಲ್‌ಗೆ ಕಚ್ಚಿ ಕೂರುವ ಉದ್ದ ಗೀರುಗಳು) ತುಕ್ಕು ಹಿಡಿದಿದ್ದರೆ ಗಾಲಿಯ ಬೋಲ್ಟ್ ತೂತುಗಳಿಗೆ ಕೂರುವ ಪುಲ್ಲರ್ ಬಳಸಿ. ಡ್ರಮ್ಮಿನ ಅಂಚಿಗೆ ಸುತ್ತಿಗೆ ಏಟು ಕೊಟ್ಟರೆ ಬೀಡು ಕಬ್ಬಿಣ ಚೂರಾಗುತ್ತದೆ.

3. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರ್‌ಗಳಲ್ಲಿ (ಶೂ ಮೇಲಿನ, ಡ್ರಮ್ಮಿಗೆ ಉಜ್ಜುವ ಪದರ) ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಬ್ರೇಕ್ ಕ್ಲೀನರ್ ಅಥವಾ ಸೋಪು ನೀರಿನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಮುಖಕ್ಕೆ ಮಾಸ್ಕ್ ಹಾಕಿ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯದಂತೆ ನೋಡಿಕೊಳ್ಳಿ, ತುಳಿದರೆ ಪಿಸ್ಟನ್ ಹೊರಗೆ ಬಂದು ಬ್ರೇಕ್ ಆಯಿಲ್ ಎಲ್ಲ ಶೂ ಮೇಲೆ.

4. ಸಣ್ಣ ಲಿವರ್‌ನ ಕೊಕ್ಕೆಯಿಂದ ಕೇಬಲ್ ಬಳೆ ಬಿಡಿಸಿ. ಶೂ ಪೂರ್ತಿ ತೆಗೆಯದೆಯೂ ಬರುತ್ತದೆ, ಆದರೆ ಜಾಗ ಇಕ್ಕಟ್ಟು. ಶೂ ತೆಗೆಯುವುದಾದರೆ ಒಂದು ಕಡೆ ಮುಗಿಸಿದ ಮೇಲೆಯೇ ಇನ್ನೊಂದು ಕಡೆ ಬಿಚ್ಚಿ. ಜೋಡಿಸುವಾಗ ಸ್ಪ್ರಿಂಗ್ ಎಲ್ಲಿಂದ ಎಲ್ಲಿಗೆ ಎಂಬ ಅನುಮಾನ ಬಂದರೆ ಪಕ್ಕದ ಗಾಲಿ ನೋಡಬಹುದು. ಅದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ ಅಷ್ಟೇ.

5. ಬ್ಯಾಕ್ ಪ್ಲೇಟ್ ಹಿಂಬದಿಯಲ್ಲಿ ಹೊರಕವಚ ಹಿಡಿದಿರುವ ಕ್ಲಾಂಪ್‌ನ ಬೋಲ್ಟ್ ತೆಗೆದು ಕವಚ ಹೊರಗೆಳೆಯಿರಿ. ಕವಲಿನ ಬಳಿ ಟನಲ್ ನಳಿಗೆಯ ತುದಿಯಿಂದ ಬಿಡಿಸಿ, ಇಡೀ ಕೇಬಲ್ಲನ್ನು ಹಿಂದಕ್ಕೆ ಎಳೆದು ತೆಗೆಯಿರಿ. ಮಧ್ಯೆ ತುಂಡಾಗಿದ್ದರೆ ಮುಂದಿನ ಚೂರನ್ನು ಲಿವರ್ ಕಡೆಯಿಂದ ಎತ್ತಿಕೊಳ್ಳಿ, ಟನಲ್ ಒಳಗೆ ಬಿಡಬೇಡಿ. ಅದೇ ಟನಲ್‌ನಲ್ಲಿ ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳೂ ಗೇರ್ ರಾಡೂ ಓಡಾಡುತ್ತವೆ.

6. ಹಳೆಯ ತಂತಿಯ ತುದಿಗೆ ಬಟ್ಟೆ ಚೂರು ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ಹಿಂದೆ ಮುಂದೆ ಆಡಿಸಿ. ತುಕ್ಕಿನ ಪುಡಿ ಹೊರಬರುವುದು ನಿಲ್ಲುವವರೆಗೂ ಮಾಡಬೇಕು. ಬೇಸರದ ಕೆಲಸ, ಆದರೆ ಕೊಳಕು ನಳಿಗೆಯಲ್ಲಿ ತೂರಿಸಿದ ಹೊಸ ಕೇಬಲ್ ಎರಡೇ ಮಳೆಗಾಲಕ್ಕೆ ಹಳತಾಗುತ್ತದೆ.

7. ಹೊಸ ಕೇಬಲ್‌ಗೆ ಉದ್ದಕ್ಕೂ ಗ್ರೀಸ್ ಸವರಿ, ಹಿಂದಿನಿಂದ ಮುಂದಕ್ಕೆ ತೂರಿಸಿ. ಮರೆಯ ತುದಿ ಲಿವರ್ ಬಳಿ ಕಾಣಿಸಿಕೊಂಡಾಗ ಎತ್ತಿ ತಕ್ಕಡಿ ಪಟ್ಟಿಗೆ ಪೋಣಿಸಿ, ನಟ್ ಎರಡು ಮೂರು ಸುತ್ತು ಮಾತ್ರ ಹಾಕಿಡಿ. ಎಡದ ಕೇಬಲ್ ಎಡದ ತೂತಿಗೇ ಬಂದಿದೆಯೇ ನೋಡಿ.

8. ಹಿಂದೆ ಬಳೆಯನ್ನು ಕೊಕ್ಕೆಗೆ ಹಾಕಿ, ಕವಚ ಕೂರಿಸಿ, ಕ್ಲಾಂಪ್ ಬಿಗಿಯಿರಿ. ಕವಚ ಸಹಜವಾದ ಬಾಗಿನಲ್ಲಿರಬೇಕು. ಎಲ್ಲಿಯೂ ಮಡಿಸಿಕೊಂಡಿರಬಾರದು, ಆಕ್ಸೆಲ್‌ಗೋ ಸೈಲೆನ್ಸರ್‌ಗೋ ತಾಗಬಾರದು. ಕ್ಲಾಂಪ್ ಮರೆತರೆ ಕೇಬಲ್ ಎಳೆದಾಗ ತಂತಿಯ ಬದಲು ಕವಚವೇ ಸರಿಯುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ.

ಡ್ರಮ್ ತೆಗೆದಾಗ ನೋಡಲೇಬೇಕಾದದ್ದು

ಲೈನರ್ ದಪ್ಪ 2.5 ಎಂಎಂಗೆ ಇಳಿದಿದ್ದರೆ ಎರಡೂ ಗಾಲಿಯ ನಾಲ್ಕೂ ಶೂ ಬದಲಿಸಿ. ಎಣ್ಣೆ ಕುಡಿದ ಲೈನರ್ ಅನ್ನು ಪೆಟ್ರೋಲ್‌ನಲ್ಲಿ ತೊಳೆದು, ಬೆಂಕಿಗೆ ಹಿಡಿದು, ಎಮರಿ ಪೇಪರ್ ಉಜ್ಜಿ ಮತ್ತೆ ಹಾಕುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಮೊದಲ ಸಲ ಬ್ರೇಕ್ ಬಿಸಿಯಾದಾಗ ಒಳಗಿನ ಎಣ್ಣೆ ಮೇಲೆ ಬರುತ್ತದೆ. ಎಣ್ಣೆ ಬಿದ್ದದ್ದು ಒಂದೇ ಕಡೆಯಾದರೂ ಶೂ ಬದಲಿಸುವುದು ಎರಡೂ ಕಡೆ. ಒಂದು ಕಡೆ ಮಾತ್ರ ಹೊಸದಾದರೆ ಕಾರು ಪಕ್ಕಕ್ಕೆ ಎಳೆಯುತ್ತದೆ.

ಸೋರಿಕೆ ನಿಲ್ಲಿಸದೆ ಹೊಸ ಶೂ ಹಾಕುವುದು ದುಡ್ಡು ದಂಡ. ಗೇರ್ ಆಯಿಲ್ ಬಂದಿದ್ದರೆ ಹಿಂದಿನ ಸೀಲ್ ಕಿಟ್ ತರಿಸಿ. ಅದರಲ್ಲಿ ಸೀಲ್, ರಬ್ಬರ್ ರಿಂಗ್‌ಗಳು, ಪೇಪರ್ ಗ್ಯಾಸ್ಕೆಟ್, ಸ್ಪ್ಲಿಟ್ ಪಿನ್ ಇರುತ್ತವೆ. ಗೇರ್‌ಬಾಕ್ಸಿನಲ್ಲಿ ಆಯಿಲ್ ಅತಿಯಾಗಿದ್ದರೂ ಸೀಲ್ ದಾಟಿ ಬರುತ್ತದೆ. ಬದಲಿಸುವಾಗ ಸುಮಾರು 2.5 ಲೀಟರ್ ಹಿಡಿಯುತ್ತದೆ, ತುಂಬುವ ತೂತಿನ ಕೆಳ ಅಂಚಿಗೆ ಬಂದರೆ ನಿಲ್ಲಿಸಬೇಕು.

ಸಣ್ಣ ಲಿವರ್ ಶೂಗೆ ಸೇರುವ ಪಿನ್ ಬಳಿ ಸಲೀಸಾಗಿ ಆಡುತ್ತಿದೆಯೇ ಕೈಯಲ್ಲಿ ನೋಡಿ. ಅಲ್ಲಿ ತುಕ್ಕು ಹಿಡಿದಿದ್ದರೆ ಹೊಸ ಕೇಬಲ್ ಹಾಕಿಯೂ ಬ್ರೇಕ್ ಬಿಡುವುದಿಲ್ಲ. ಎಡ ಬಲದ ಸಣ್ಣ ಲಿವರ್‌ಗಳು ಬೇರೆ ಬೇರೆ, ಅದಲುಬದಲು ಮಾಡಬೇಡಿ. ತಳ್ಳುಪಟ್ಟಿ ಮತ್ತು ಅದರ ಸ್ಪ್ರಿಂಗ್ ಕ್ಲಿಪ್ ಇವೆಯೇ ನೋಡಿ. ಹಿಂದೆ ಶೂ ಬದಲಿಸಿದವರು ಪಟ್ಟಿಯನ್ನೇ ಹಾಕದೆ ಮುಚ್ಚಿದ ಡ್ರಮ್‌ಗಳೂ ಸಿಗುತ್ತವೆ. ಕಾಲು ಬ್ರೇಕ್ ಸರಿಯಾಗಿಯೇ ಕೆಲಸ ಮಾಡುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಹ್ಯಾಂಡ್‌ಬ್ರೇಕ್ ಮಾತ್ರ ಎಷ್ಟು ಎಳೆದರೂ ಶೂನ್ಯ.

ಶೂ ಅಂಚು ಬ್ಯಾಕ್ ಪ್ಲೇಟಿಗೆ ಉಜ್ಜುವ ಉಬ್ಬುಗಳಿಗೆ, ಸಣ್ಣ ಲಿವರ್‌ನ ಪಿನ್‌ಗೆ, ಹಲ್ಲಿನ ಚಕ್ರಗಳೊಳಗಿನ ಹೊಂದಾಣಿಕೆ ಸ್ಕ್ರೂಗಳ ಮರೆಗೆ ಬಿಸಿ ತಾಳುವ ಗ್ರೀಸ್ ಉಗುರಿನಷ್ಟು ಸಾಕು. ಹೊಂದಾಣಿಕೆ ಸ್ಕ್ರೂ ತಲೆಯ ಗೀರು ಓರೆಯಾಗಿದೆ, ಶೂ ತುದಿಯ ಓರೆಗೆ ಅದು ಹೊಂದಿ ಕೂರಬೇಕು.

ಡ್ರಮ್ ಮರಳಿ ಹಾಕಿದ ಮೇಲೆ ಆಕ್ಸೆಲ್ ನಟ್‌ಗೆ ಬೇಕಾದ ಬಿಗಿ ಸುಮಾರು 300 ನ್ಯೂಟನ್ ಮೀಟರ್, ಅಂದರೆ 30 ಕೆಜಿ ಮೀಟರ್. ಅಷ್ಟು ದೊಡ್ಡ ಟಾರ್ಕ್ ವ್ರೆಂಚ್ ಎಲ್ಲರ ಬಳಿ ಇರುವುದಿಲ್ಲ. 60 ಕೆಜಿ ತೂಕದವರು, ನಟ್‌ನ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ, ನೆಲಕ್ಕೆ ಸಮಾನಾಂತರವಾಗಿರುವ ಹ್ಯಾಂಡಲ್ ಮೇಲೆ ಮೆಲ್ಲಗೆ ಪೂರ್ತಿ ಭಾರ ಬಿಟ್ಟು ನಿಂತರೆ ಅದೇ ಲೆಕ್ಕ. ಗಾಲಿ ನೆಲದ ಮೇಲಿರುವಾಗಲೇ ಇದನ್ನು ಮಾಡಿ. ಸ್ಪ್ಲಿಟ್ ಪಿನ್ ತೂತು ನೇರಕ್ಕೆ ಬರದಿದ್ದರೆ ಇನ್ನಷ್ಟು ಬಿಗಿದು ಮುಂದಿನ ಗೀರಿಗೆ ತನ್ನಿ, ಹಿಂದಕ್ಕೆ ಬಿಡಬೇಡಿ. ಸಡಿಲ ನಟ್ ಡ್ರಮ್ಮಿನ ಸ್ಪ್ಲೈನ್ ತಿಂದುಹಾಕುತ್ತದೆ, ಕೊನೆಗೆ ಗಾಲಿ ತಿರುಗದೆ ಆಕ್ಸೆಲ್ ಮಾತ್ರ ತಿರುಗುತ್ತದೆ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು.

ಲಿವರ್ ಜಾರುತ್ತಿದ್ದರೆ

ಕೇಬಲ್ ನಟ್‌ಗಳನ್ನು ತೆಗೆದು, ಬೂಟ್ ಎತ್ತಿ, ಲಿವರ್‌ನ ಅಡ್ಡ ಪಿನ್ ಒಂದು ತುದಿಯ ಸರ್ಕ್ಲಿಪ್ ತೆಗೆದು ಪಿನ್ ಹೊರತಳ್ಳಿ. 1965ರಿಂದ ಈಚಿನ ಕಾರುಗಳಲ್ಲಿ ಇಕ್ಕೆಲಗಳಲ್ಲಿ ಹೀಟರ್ ಲಿವರ್‌ಗಳಿರುತ್ತವೆ, ಅಡ್ಡ ಬಂದರೆ ಮೊದಲು ಅವನ್ನು ಸರಿಸಬೇಕು. ಲಿವರ್‌ ಅನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಮೇಲೆತ್ತಿದರೆ ಹೊರಬರುತ್ತದೆ. ಈ ಹೊತ್ತಿನಲ್ಲಿ ತುದಿಯ ಗುಂಡಿ ಒತ್ತಬೇಡಿ. ಒತ್ತಿದರೆ ನಾಲಿಗೆ ಬಿಟ್ಟು ಹಲ್ಲುಪಟ್ಟಿ ಟನಲ್ ಒಳಗೆ ಬೀಳುತ್ತದೆ, ಆಮೇಲೆ ಆಯಸ್ಕಾಂತ ಹಿಡಿದು ಹುಡುಕುವ ಕೆಲಸ.

ಹೊರಗೆ ತೆಗೆದ ಮೇಲೆ ಗುಂಡಿ ಒತ್ತಿ ಹಲ್ಲುಪಟ್ಟಿ ಬಿಡಿಸಿ. ಹಲ್ಲುಗಳ ತುದಿ ದುಂಡಗಾಗಿದ್ದರೆ ಹಲ್ಲುಪಟ್ಟಿ, ನಾಲಿಗೆ ಎರಡನ್ನೂ ಬದಲಿಸಿ. ಅರದಿಂದ ಹಲ್ಲು ಹರಿತ ಮಾಡಿದರೆ ಕೆಲವು ದಿನ ನಿಲ್ಲುತ್ತದೆ, ಮೇಲಿನ ಗಟ್ಟಿ ಪದರ ಹೋದದ್ದರಿಂದ ಬೇಗ ಮತ್ತೆ ಸವೆಯುತ್ತದೆ. ಹಲ್ಲು ಚೆನ್ನಾಗಿದ್ದೂ ಜಾರುತ್ತಿದ್ದರೆ ಗುಂಡಿಯ ಹಿಂದಿನ ಸ್ಪ್ರಿಂಗ್ ಸೋತಿದೆ ಅಥವಾ ಒಣಗಿದ ಗ್ರೀಸ್‌ನಲ್ಲಿ ರಾಡ್ ಅಂಟಿಕೊಂಡಿದೆ. ಮರಳಿ ಕೂರಿಸುವಾಗ ಹಲ್ಲುಪಟ್ಟಿಯ ಗೀರು ಟನಲ್‌ನ ಲೋಹದ ಅಂಚಿಗೆ ಸರಿಯಾಗಿ ಕಚ್ಚಬೇಕು. ಕಚ್ಚದಿದ್ದರೆ ಲಿವರ್ ಎಳೆದಾಗ ಪಟ್ಟಿಯೂ ಜೊತೆಗೆ ಬರುತ್ತದೆ. ಪಿನ್‌ಗೆ ಗ್ರೀಸ್ ಹಾಕಿ ಮುಚ್ಚಿ.

ಪರೀಕ್ಷೆ

ಕಾರು ಕೆಳಗಿಳಿಸಿ ಮತ್ತೆ ಹಲ್ಲು ಎಣಿಸಿ, ಗಾಲಿ ತೂಗಾಡುವಾಗಿನ ಲೆಕ್ಕಕ್ಕೂ ನೆಲದ ಮೇಲಿನದಕ್ಕೂ ವ್ಯತ್ಯಾಸ ಬಂದಿರಬಹುದು. ಲಿವರ್ ನಾಲ್ಕೈದು ಸಲ ಜೋರಾಗಿ ಎಳೆದು ಬಿಡಿ, ಹೊಸ ಕೇಬಲ್ ತನ್ನ ಜಾಗಕ್ಕೆ ಕೂರುತ್ತದೆ; ಆಮೇಲೆ ಇನ್ನೊಮ್ಮೆ ಹೊಂದಿಸಿ. ಖಾಲಿ ರಸ್ತೆಯಲ್ಲಿ 15ರಿಂದ 20 ಕಿ.ಮೀ. ವೇಗದಲ್ಲಿ, ಗುಂಡಿ ಒತ್ತಿ ಹಿಡಿದುಕೊಂಡೇ ಲಿವರ್ ನಿಧಾನ ಎಳೆಯಿರಿ. ಕಾರು ನೇರವಾಗಿ ನಿಲ್ಲಬೇಕು. ಆಮೇಲೆ ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಕಡಿಮೆ ಬಳಸಿ ನಿಲ್ಲಿಸಿ, ಎರಡೂ ಹಿಂದಿನ ಡ್ರಮ್ ಬಳಿ ಕೈ ತನ್ನಿ. ಒಂದು ಮಾತ್ರ ಸುಡುತ್ತಿದ್ದರೆ ಆ ಕಡೆ ಶೂ ಬಿಟ್ಟಿಲ್ಲ. ನೋಂದಣಿ ನವೀಕರಣಕ್ಕೆ ಆರ್‌ಟಿಓ ಕಚೇರಿಗೆ ಒಯ್ಯುವುದಿದ್ದರೆ ಈ ಪರೀಕ್ಷೆಯನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ.

ಹೊಸ ಶೂ ಹಾಕಿದ್ದರೆ 500 ಕಿ.ಮೀ. ಓಡಿದ ಮೇಲೆ ಹಲ್ಲಿನ ಚಕ್ರಗಳನ್ನು ಮತ್ತೊಮ್ಮೆ ಬಿಗಿಯಬೇಕಾಗುತ್ತದೆ, ಲೈನರ್ ಆಗಷ್ಟೇ ಡ್ರಮ್ಮಿನ ಮೈಗೆ ಹೊಂದಿಕೊಂಡಿರುತ್ತದೆ. ಆಗಲೂ ಕೈ ಹಾಕುವುದು ಗಾಲಿಯ ಕಡೆಯಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ: ಒಂದನೇ ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಲಿವರ್ ಕೆಳಗಿಳಿಸಿಡಿ.